ಎಡಗೈಯಲ್ಲಿ ಬರೆದ ಚೀಟಿ

ಸೆಪ್ಟೆಂಬರ್ ಎಂಟು, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. ಸಾಗರದ ಕಾಲೇಜು, ಮೊದಲನೇ ಅವಧಿ. ಹಾಜರು ಇಪ್ಪತ್ತೊಂಬತ್ತು, ಗೈರು ಎರಡು. ಹೋದ ವರ್ಷದ ನನ್ನ ಡೈರಿಯಲ್ಲಿ ಇಷ್ಟು ಇದೆ. ಅದರ ಕೆಳಗೆ, ‘ಚೀಟಿ ಪ್ರಯೋಗ, ಚೆನ್ನಾಗಿ ನಡೆಯಿತು’ ಎಂಬ ಒಂದು ಸಾಲು. ಆ ಸಾಲನ್ನು ಹೊಡೆದುಹಾಕಬೇಕು ಎಂದು ಎಷ್ಟೋ ಸಲ ಅನಿಸಿದೆ. ಹೊಡೆದುಹಾಕಿಲ್ಲ. ಬರೆದದ್ದನ್ನು ಅಳಿಸುವುದು ನನ್ನ ಅಭ್ಯಾಸವಲ್ಲ.

ನಾನು ಅತಿಥಿ ಉಪನ್ಯಾಸಕ. ಪದವಿ ತರಗತಿಗಳಿಗೆ ಅಪರಾಧಶಾಸ್ತ್ರ ಕಲಿಸುತ್ತೇನೆ. ಅಪರಾಧ ಏಕೆ ನಡೆಯುತ್ತದೆ, ಠಾಣೆಗೆ ಕೊಟ್ಟ ದೂರು ಕೋರ್ಟಿನವರೆಗೆ ಹೇಗೆ ಹೋಗುತ್ತದೆ, ಸಾಕ್ಷಿ ಎಂದರೇನು, ಶಿಕ್ಷೆ ಯಾತಕ್ಕೆ, ಇವೇ ನನ್ನ ಪಾಠಗಳು. ಈ ವಿಷಯಕ್ಕೆ ಒಂದೇ ಕಾಲೇಜಿನಲ್ಲಿ ವಾರ ತುಂಬುವಷ್ಟು ತರಗತಿ ಸಿಗುವುದಿಲ್ಲ. ಹಾಗಾಗಿ ಸೋಮವಾರ, ಮಂಗಳವಾರ ಸಾಗರ. ಬುಧ, ಗುರುವಾರ ಹೊಸನಗರ. ಶುಕ್ರ, ಶನಿವಾರ ತೀರ್ಥಹಳ್ಳಿ. ಒಂದೇ ಪಾಠವನ್ನು ಒಂದೇ ವಾರದಲ್ಲಿ ಮೂರು ಊರಿನಲ್ಲಿ ಮಾಡುವಾಗ ಎಲ್ಲಿ ಏನು ಹೇಳಿದೆ ಎನ್ನುವುದು ಕಲಸಿಹೋಗುತ್ತದೆ. ಡೈರಿ ಶುರುವಾದದ್ದು ಅದಕ್ಕೆ. ಆಮೇಲೆ ಅದರಲ್ಲಿ ಬಸ್ಸು ಬಿಟ್ಟ ಹೊತ್ತು, ತರಗತಿಗೆ ಬಂದವರ ಸಂಖ್ಯೆ, ಕೇಳಿದ ಪ್ರಶ್ನೆಗಳ ಸಂಖ್ಯೆ ಎಲ್ಲ ಸೇರಿಕೊಂಡವು. ಎಣಿಸಿಟ್ಟ ವಿಷಯ ಕೈತಪ್ಪುವುದಿಲ್ಲ ಎಂದು ನಾನು ನಂಬಿದ್ದೆ.

ಆ ವಾರದ ಪಾಠ, ವರದಿಯಾಗದ ಅಪರಾಧ. ಠಾಣೆಯ ಪುಸ್ತಕದಲ್ಲಿ ಬರೆದಿರುವುದಕ್ಕಿಂತ ಹೆಚ್ಚು ಅಪರಾಧ ಜನರ ನಡುವೆ ನಡೆದಿರುತ್ತದೆ, ಯಾರೂ ಹೇಳದೆ ಉಳಿದಿರುತ್ತದೆ. ಇದನ್ನು ಬೋರ್ಡಿನ ಮೇಲೆ ಬರೆದು ಮುಗಿಸಬಹುದಿತ್ತು. ಆದರೆ ನಾನೊಂದು ಉಪಾಯ ಮಾಡಿದೆ. ಹಾಳೆಗಳನ್ನು ಎಂಟೆಂಟು ತುಂಡು ಮಾಡಿ, ಅಂಚು ಸಮವಾಗಿ ಕತ್ತರಿಸಿ, ಎಲ್ಲರಿಗೂ ಒಂದೊಂದು ಕೊಟ್ಟೆ. ‘ನಿಮಗೆ ಗೊತ್ತಿರುವ, ಆದರೆ ಪೊಲೀಸರಿಗೆ ಗೊತ್ತಾಗದ ಒಂದು ಅಪರಾಧ ಬರೆಯಿರಿ. ಹೆಸರು ಬೇಡ. ಬರೆಯಲು ಇಷ್ಟವಿಲ್ಲದವರು ಖಾಲಿ ಚೀಟಿ ಮಡಿಸಿ ಕೊಡಿ’ ಎಂದೆ.

ಕಿಟಕಿ ಪಕ್ಕದ ಹುಡುಗನೊಬ್ಬ ಎದ್ದು ನಿಂತ. “ಸಾರ್, ಹೋದ ವಾರ ಕೈಬರಹ ನೋಡಿ ಆಳು ಹಿಡಿಯೋದು ಹೇಳ್ಕೊಟ್ರಿ. ಈ ವಾರ ಚೀಟಿ ಬರೀರಿ ಅಂತೀರಿ. ನಮ್ಮನ್ನೇ ಹಿಡಿಯೋ ಪ್ಲಾನಾ ಎಂತದು?”

ತರಗತಿ ನಕ್ಕಿತು. ನನಗೂ ಅವನ ಮಾತು ಸರಿ ಅನಿಸಿತು. “ಹಂಗಾದ್ರೆ ಎಲ್ಲರೂ ಎಡಗೈಲಿ ಬರೀರಿ” ಎಂದೆ.

“ಸಾರ್, ನಾ ಎಡಚ.”

“ನೀನು ಬಲಗೈಲಿ ಬರಿ ಮಾರಾಯ.”

ಇನ್ನೊಮ್ಮೆ ನಗು. ಹದಿನೈದು ನಿಮಿಷ ಎಲ್ಲರೂ ತಲೆ ತಗ್ಗಿಸಿ, ಒಂದನೇ ತರಗತಿಯ ಮಕ್ಕಳ ಹಾಗೆ ನಾಲಿಗೆ ಕಚ್ಚಿಕೊಂಡು ಬರೆದರು. ಬುಧವಾರ ಹೊಸನಗರದಲ್ಲೂ ಶುಕ್ರವಾರ ತೀರ್ಥಹಳ್ಳಿಯಲ್ಲೂ ಅದೇ ಎಡಗೈ ನಿಯಮ. ಮೂರೂ ಕಡೆ ನಾನು ಹೇಳಿದ್ದು ಇದು: ‘ಮೂರು ಊರಿನ ಚೀಟಿಗಳನ್ನೂ ಒಂದೇ ಡಬ್ಬಿಗೆ ಹಾಕಿ ಕಲಸುತ್ತೇನೆ. ಯಾವುದು ಯಾವ ಊರಿನದು ಎಂದು ನನಗೂ ತಿಳಿಯುವುದಿಲ್ಲ. ಆದರೆ ಎಲ್ಲವನ್ನೂ ನಾನೇ ಓದುತ್ತೇನೆ, ಓದಿ ಸುಟ್ಟುಬಿಡುತ್ತೇನೆ.’ ಯಾವಾಗ ಓದುತ್ತೇನೆ ಎಂದು ಹೇಳಲಿಲ್ಲ.

ಮಾತಿಗೆ ತಪ್ಪಲಿಲ್ಲ. ಹನ್ನೆರಡನೇ ತಾರೀಕು ಸಂಜೆ ಸಾಗರದ ನನ್ನ ಬಾಡಿಗೆ ಕೋಣೆಯಲ್ಲಿ ಬಿಸ್ಕತ್ತಿನ ತಗಡು ಡಬ್ಬಿಗೆ ಎಪ್ಪತ್ನಾಲ್ಕು ಚೀಟಿ ಸುರಿದು, ಮುಚ್ಚಳ ಹಾಕಿ, ಎರಡೂ ಕೈಯಲ್ಲಿ ಹಿಡಿದು ಚೆನ್ನಾಗಿ ಅಲುಗಾಡಿಸಿದೆ. ಎಣಿಕೆಗೆ ಡೈರಿಯಲ್ಲಿ ಒಂದು ದಿನ ಗೊತ್ತುಮಾಡಿಟ್ಟೆ. ನಡುವೆ ದಸರಾ ರಜೆ, ಆಮೇಲೆ ಆಂತರಿಕ ಪರೀಕ್ಷೆಯ ಪತ್ರಿಕೆಗಳು. ದೀಪಾವಳಿ ರಜೆಯಲ್ಲಿ ಪುರುಸೊತ್ತಾಗಿ ಕೂತು ಎಣಿಸಬಹುದು ಎಂದು ಅಕ್ಟೋಬರ್ ಇಪ್ಪತ್ಮೂರರ ಪುಟದಲ್ಲಿ ‘ಚೀಟಿ ಎಣಿಕೆ’ ಎಂದು ಬರೆದೆ.

ಅದೇ ದಿನ ತೆರೆದೆ. ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ನನ್ನ ಲೆಕ್ಕದಲ್ಲಿ ಒಂದು ದಿನವೂ ತಡವಾಗಿರಲಿಲ್ಲ.

ಕೆಳಗಿನ ಮನೆಯವರು ಹಬ್ಬದ ಹಣತೆಗಳನ್ನು ತೊಳೆದು ಅಂಗಳದಲ್ಲಿ ಬೋರಲು ಹಾಕಿದ್ದರು. ನಾನು ಹಾಳೆಯೊಂದರ ಮೇಲೆ ಕಂಬಸಾಲು ಎಳೆದೆ. ಕಳ್ಳತನ, ಹೊಡೆದಾಟ, ಮೋಸ, ಕಾಡಿನ ಮರ ಮತ್ತು ಬೇಟೆ, ಖಾಲಿ. ಒಂದೊಂದೇ ಚೀಟಿ ಬಿಡಿಸುವುದು, ಓದುವುದು, ಗೆರೆ ಎಳೆಯುವುದು. ಒಬ್ಬರ ಊರಿನಲ್ಲಿ ದೇವಸ್ಥಾನದ ಗಂಟೆ ಕದ್ದವನು ಯಾರೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳಿರಲಿಲ್ಲ. ಇನ್ನೊಬ್ಬರು ತಾವೇ ಪಕ್ಕದ ಮನೆಯ ಕೋಳಿ ತಿಂದದ್ದನ್ನು ಬರೆದಿದ್ದರು. ಓದಿ ನಾನು ಒಬ್ಬನೇ ನಕ್ಕದ್ದೂ ಇದೆ.

ಆಮೇಲೆ ಈ ಚೀಟಿ. ಅಕ್ಷರಗಳು ಎಡವುತ್ತ, ಸಾಲು ಕೆಳಕ್ಕೆ ಇಳಿಯುತ್ತ, ಎರಡೂ ಬದಿ ತುಂಬಿತ್ತು.

‘ಸರ್, ಅಪ್ಪ ದೀಪಾವಳಿಗೆ ಬರುತ್ತಾರೆ. ಹೋದ ಸಲ ಬಂದಾಗ ಅಮ್ಮನ ಕೈ ಮುರಿದರು. ಕಾಲು ಜಾರಿ ಬಿದ್ದದ್ದು ಎಂದು ಆಸ್ಪತ್ರೆಯಲ್ಲಿ ಹೇಳಿದೆವು. ಈ ಸಲ ಉಳಿಸುವುದಿಲ್ಲ ಎಂದು ಫೋನಿನಲ್ಲಿ ಹೇಳಿದ್ದಾರೆ. ಯಾರ ಹತ್ತಿರ ಹೋಗಬೇಕು ಎಂದು ಕ್ಲಾಸಿನಲ್ಲಿ ಎಲ್ಲರಿಗೂ ಹೇಳುವ ಹಾಗೆ ಹೇಳಿ. ನನ್ನ ಕಡೆ ನೋಡಬೇಡಿ.’

ಹೊಡೆದಾಟದ ಕಂಬಸಾಲಿನಲ್ಲಿ ಹದಿನಾಲ್ಕು ಗೆರೆ ಇದ್ದವು. ಕೈ ತನ್ನ ಪಾಡಿಗೆ ಹದಿನೈದನೆಯದನ್ನು ಎಳೆದಾದ ಮೇಲೆ ನಾನು ಚೀಟಿಯನ್ನು ಮತ್ತೆ ಓದಿದೆ.

ದೀಪಾವಳಿ ಹಿಂದಿನ ದಿನವೇ ಮುಗಿದಿತ್ತು.

ಹೊಸನಗರದ ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುವ ಮೇಡಂ ಒಬ್ಬರಿದ್ದಾರೆ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಅವರಿಗೆ ಫೋನ್ ಮಾಡಿ ಚೀಟಿ ಓದಿ ಹೇಳಿದೆ. ಆ ಕಡೆ ಕುಕ್ಕರ್ ಕೂಗುತ್ತಿತ್ತು. ಅದನ್ನು ಆರಿಸಿ ಬಂದು ಕೇಳಿದರು.

“ಯಾವ ಕಾಲೇಜಿಂದು?”

“ಗೊತ್ತಿಲ್ಲ ಮೇಡಂ. ಕಲಸಿದೀನಿ.”

“ಅಕ್ಷರ?”

“ಎಡಗೈದು.”

“ಹುಡುಗನಾ, ಹುಡುಗಿಯಾ, ಅದಾದ್ರೂ?”

“ಗೊತ್ತಿಲ್ಲ.”

“ಎಂತ ಮಾರಾಯ್ರೆ. ಬೀಗ ಹಾಕಿ ಬೀಗದ ಕೈನ ಹೊಳೆಗೆ ಎಸೆದ ಹಂಗೆ ಮಾಡಿದೀರಲ್ಲ” ಎಂದರು. ಬೈಯುವ ದನಿ ಅಲ್ಲ, ಸುಸ್ತಾದ ದನಿ. “ಇರ್ಲಿ. ಮೊದ್ಲು ಮೂರೂ ಗ್ರೂಪಿಗೆ ಹಾಕಿ. ಅವ್ರು ಕೇಳಿದ್ದು ಅದೇ ತಾನೆ? ಈಗ್ಲೇ ಹಾಕಿ. ನನ್ನತ್ರ ಆಮೇಲೆ ಮಾತಾಡಿ.”

ಹನ್ನೆರಡು ಗಂಟೆಗೆ ಮೂರು ತರಗತಿಗಳ ವಾಟ್ಸಾಪ್ ಗುಂಪಿಗೂ ಒಂದೇ ಸಂದೇಶ ಕಳಿಸಿದೆ. ಮಹಿಳಾ ಸಹಾಯವಾಣಿ, ಪೊಲೀಸ್ ಸಹಾಯವಾಣಿ, ಮನೆಯೊಳಗಿನ ಹಿಂಸೆಯ ದೂರು ಕೇಳಲು ಇರುವ ಸಂರಕ್ಷಣಾಧಿಕಾರಿ, ಕೋರ್ಟಿನಲ್ಲಿ ಸಿಗುವ ಉಚಿತ ಕಾನೂನು ನೆರವು. ಪೆಟ್ಟು ತಿಂದವರೇ ಬರಬೇಕೆಂದಿಲ್ಲ, ಮಗ, ಮಗಳು, ನೆರೆಯವರು ಯಾರು ಬೇಕಾದರೂ ತಿಳಿಸಬಹುದು. ಇದೆಲ್ಲ ನಮ್ಮ ಪಾಠಪಟ್ಟಿಯ ಐದನೇ ಘಟಕದಲ್ಲಿತ್ತು. ನವೆಂಬರ್ ಮೂರನೇ ವಾರಕ್ಕೆ ಬರಬೇಕಾದ ಪಾಠ.

ಸಂಜೆಯ ಹೊತ್ತಿಗೆ ನಲವತ್ತೊಂದು ಜನ ಹೆಬ್ಬೆರಳು ಒತ್ತಿದ್ದರು. ಒಬ್ಬರು ಕೇಳಿದ್ದರು: ‘ಸರ್ ಇದು ಪರೀಕ್ಷೆಗೆ ಬರುತ್ತಾ?’

ಮಧ್ಯಾಹ್ನ ಠಾಣೆಗೂ ಹೋಗಿದ್ದೆ. ಹಿಂದೊಮ್ಮೆ ನಮ್ಮ ತರಗತಿಗೆ ಬಂದು ಮಾತಾಡಿದ್ದ ಹೆಡ್ ಕಾನ್ಸ್‌ಟೇಬಲ್ ಒಬ್ಬರ ಪರಿಚಯವಿತ್ತು. ಅವರು ಚೀಟಿಯನ್ನು ಎರಡು ಸಲ ಓದಿ, ಮೂರು ಊರಿಗೂ ಫೋನ್ ಮಾಡಿದರು. ಹಬ್ಬದ ದಿನಗಳಲ್ಲಿ ಹೆಂಗಸರಿಗೆ ಪೆಟ್ಟಾದ ದೂರು, ಆಸ್ಪತ್ರೆಯಿಂದ ಬಂದ ಮಾಹಿತಿ ಏನಾದರೂ ಇದೆಯೇ ಎಂದು ಕೇಳಿದರು. ಫೋನ್ ಕೆಳಗಿಟ್ಟು, “ಆ ಥರದ್ದು ಯಾವ್ದೂ ಬಂದಿಲ್ಲ ಸಾರ್” ಎಂದರು.

ನಾನು ಉಸಿರು ಬಿಟ್ಟದ್ದು ಅವರಿಗೆ ಕಂಡಿರಬೇಕು.

“ಬಂದಿಲ್ಲ ಅಂದ್ರೆ ಆಗಿಲ್ಲ ಅಂತ ಅಲ್ಲ. ಅದನ್ನೇ ತಾನೆ ನೀವು ಪಾಠ ಮಾಡೋದು” ಎಂದು ಚೀಟಿ ವಾಪಸು ಕೊಟ್ಟರು. “ಊರು ಹೇಳಿ, ಮನೆ ಹೇಳಿ. ಈಗ್ಲೇ ಹೊರಡ್ತೀನಿ.”

ಚೀಟಿ ಮಡಿಸಿ ಜೇಬಿಗೆ ಹಾಕಿಕೊಂಡು ಹೊರಗೆ ಬಂದೆ.

ಕೋಣೆಗೆ ಬಂದು ಡೈರಿ ಹಿಂದಕ್ಕೆ ತಿರುಗಿಸಿದೆ. ಚೀಟಿ ಬರೆದ ದಿನದಿಂದ ದೀಪಾವಳಿಯವರೆಗೆ ಸಾಗರದಲ್ಲಿ ಎಂಟು ತರಗತಿ, ಹೊಸನಗರದಲ್ಲಿ ಎಂಟು, ತೀರ್ಥಹಳ್ಳಿಯಲ್ಲಿ ಏಳು. ಈ ಮೂರರಲ್ಲಿ ಎಲ್ಲೋ ಒಂದು ಕಡೆ ಒಬ್ಬರು, ನಾನು ಒಳಗೆ ಕಾಲಿಟ್ಟಾಗಲೆಲ್ಲ, ಇವತ್ತು ಹೇಳುತ್ತಾರೆ ಎಂದು ಕಾದಿದ್ದರು. ನಾನು ಹಾಜರಿ ಕರೆದಾಗ ‘ಎಸ್ ಸರ್’ ಎಂದಿದ್ದರು. ಪ್ರಶ್ನೆ ಕೇಳಿದರೆ ಉತ್ತರ ಹೇಳಿದ್ದರೇನೋ. ಆ ದಿನಗಳ ಪುಟಗಳಲ್ಲಿ ನಾನು ಬರೆದದ್ದು: ‘ಜೈಲುಗಳ ಇತಿಹಾಸ ಮುಗಿಯಿತು.’ ‘ಸೀಮೆಸುಣ್ಣ ಇರಲಿಲ್ಲ.’ ‘ತರಗತಿ ಶಾಂತವಾಗಿತ್ತು, ಒಳ್ಳೆಯ ಗಮನ.’

ರಜೆ ಮುಗಿದ ಮೇಲಿನ ವಾರ ಐದನೇ ಘಟಕವನ್ನು ಮೂರೂ ಕಡೆ ಮಾಡಿದೆ. ‘ನನ್ನ ಕಡೆ ನೋಡಬೇಡಿ’ ಎಂದು ಬರೆದಿತ್ತಲ್ಲ. ಯಾರ ಕಡೆ ನೋಡಿದರೂ ಅದು ಅವರೇ ಆಗಿರಬಹುದು. ಹಾಗಾಗಿ ಯಾರ ಕಡೆಯೂ ನೋಡಲಿಲ್ಲ. ಸಾಗರದಲ್ಲಿ ಹಿಂದಿನ ಗೋಡೆಯ ನಿಂತ ಗಡಿಯಾರ ನೋಡುತ್ತ ಪಾಠ ಮಾಡಿದೆ. ಹೊಸನಗರದಲ್ಲಿ ಭೂಪಟ. ತೀರ್ಥಹಳ್ಳಿಯಲ್ಲಿ ಗೋಡೆಗೆ ಏನೂ ಇಲ್ಲ, ಒಂದು ಮೊಳೆ ಇದೆ. ಐವತ್ತು ನಿಮಿಷ ಆ ಮೊಳೆಯನ್ನು ನೋಡಿದೆ. ಪಾಠದ ಕೊನೆಗೆ, “ಕೆಲವು ಸಲ ಹೇಳಬೇಕಾದವರು ಹೇಳಿರ್ತಾರೆ, ಕೇಳಬೇಕಾದವರು ಕೇಳಿರಲ್ಲ. ಅದು ಹೇಳಿದವರ ತಪ್ಪಲ್ಲ. ಈಗ್ಲೂ ಬಂದು ಹೇಳ್ಬಹುದು. ನನ್ನ ಹತ್ರ ಬೇಡ ಅಂದ್ರೆ ಮೇಡಂ ಇದ್ದಾರೆ” ಎಂದು ಅವರ ನಂಬರು ಬೋರ್ಡಿನ ಮೇಲೆ ಬರೆದೆ. ಮೂರು ಊರಿನಲ್ಲೂ ಯಾರೂ ಬರಲಿಲ್ಲ. ಮೇಡಂಗೂ ಫೋನ್ ಬರಲಿಲ್ಲ.

ಆಮೇಲೆ ನನಗೆ ತೋಚಿದ ದಾರಿ ಹಾಜರಿ ಪುಸ್ತಕ. ಆ ಮನೆಯಲ್ಲಿ ಏನಾದರೂ ನಡೆದಿದ್ದರೆ ಮಕ್ಕಳು ಕಾಲೇಜಿಗೆ ಬರುತ್ತಿರಲಿಲ್ಲ ಎಂದುಕೊಂಡೆ. ದೀಪಾವಳಿ ಆದ ಮೇಲೆ ಒಂದು ವಾರಕ್ಕಿಂತ ಹೆಚ್ಚು ಗೈರಾದವರು ಮೂವರು. ಸಾಗರದಲ್ಲಿ ವರದಮೂಲದ ಕಡೆಯ ಹುಡುಗ. ಅವನ ಅಜ್ಜಿ ತೀರಿಕೊಂಡಿದ್ದರು, ತಲೆ ಬೋಳಿಸಿಕೊಂಡು ವಾಪಸು ಬಂದ. ತೀರ್ಥಹಳ್ಳಿಯ ಹುಡುಗಿಗೆ ಕಾಮಾಲೆ. ಅಪ್ಪನೇ ದಿನವೂ ಔಷಧಿ ಕೊಡಿಸಲು ಕರೆದುಕೊಂಡು ಹೋಗುತ್ತಾನೆಂದು ಗೆಳತಿಯರು ಹೇಳಿದರು. ಮೂರನೆಯವಳು ಹೊಸನಗರದ ತರಗತಿಯವಳು. ಊರು ಹುಲಿಕಲ್ ಹತ್ತಿರ. ಹಬ್ಬದ ನಂತರ ಒಂದು ದಿನವೂ ಬಂದಿರಲಿಲ್ಲ, ಫೋನ್ ಹೋಗುತ್ತಿರಲಿಲ್ಲ.

ನವೆಂಬರ್ ಹದಿನಾರು, ಭಾನುವಾರ, ಮೇಡಂ ಮತ್ತು ನಾನು ಹೊಸನಗರದಿಂದ ಬಸ್ಸು ಹತ್ತಿದೆವು. ಹುಲಿಕಲ್ಲಿನಲ್ಲಿ ಇಳಿದು ಕಾಡಿನ ನಡುವೆ ಅರ್ಧ ಗಂಟೆ ನಡಿಗೆ. ದಾರಿಯುದ್ದಕ್ಕೂ ನಾನು ಏನು ಕೇಳಬೇಕು, ಹೇಗೆ ಕೇಳಬೇಕು ಎಂದು ಅಭ್ಯಾಸ ಮಾಡುತ್ತಿದ್ದೆ. “ನೀವು ಸುಮ್ನೆ ಇರಿ. ಮಾತು ನಾನಾಡ್ತೀನಿ” ಎಂದರು ಮೇಡಂ.

ಬಾಗಿಲು ತೆರೆದವರು ಹುಡುಗಿಯ ತಾಯಿ. ಕಾಲೇಜಿನವರು ಎಂದ ಕೂಡಲೇ ಗಾಬರಿಯಾದರು, ಆಮೇಲೆ ಒಳಗೆ ಕರೆದು ಬೆಲ್ಲ, ನೀರು ತಂದಿಟ್ಟರು. ಚೊಂಬು ಇಡುವಾಗ ನಾನು ಅವರ ಬಲಗೈ ನೋಡಿದೆ. ಆಮೇಲೆ ಎಡಗೈ.

“ನನ್ ಕೈ ಎಂತಕ್ಕೆ ನೋಡ್ತೀರಿ ಸಾರ್?” ಎಂದು ಅವರು ಕೇಳಿಯೇಬಿಟ್ಟರು.

“ಅವ್ರಿಗೆ ಬಳೆ ಬೇಕಂತೆ, ಮದುವೆ ಆಗೋ ಯೋಚ್ನೆ” ಎಂದರು ಮೇಡಂ. ತಾಯಿ ನಕ್ಕರು. ನಾನೂ ನಗುವ ಹಾಗೆ ಮಾಡಿದೆ.

ಮಗಳಿಗೆ ಘಟ್ಟದ ಕೆಳಗೆ ನರ್ಸಿಂಗ್ ಸೀಟು ಸಿಕ್ಕಿತ್ತು. ಕಾಲೇಜಿಗೆ ಬಂದು ಹೇಳಬೇಕು ಎಂದುಕೊಂಡಿದ್ದಳಂತೆ, ಆಗಿರಲಿಲ್ಲ. ಫೋನಿನ ನಂಬರು ಬದಲಾಗಿತ್ತು. ಅಪ್ಪ? ಅವಳು ಆರನೇ ತರಗತಿಯಲ್ಲಿದ್ದಾಗಲೇ ಹೋಗಿಬಿಟ್ಟರು ಎಂದರು, ಗೋಡೆಯ ಮೇಲಿನ ಫೋಟೋ ತೋರಿಸಿದರು. “ಅವ್ಳು ನಿಮ್ಮ ಪಾಠ ಚಂದ ಇರ್ತದೆ ಅಂತಿದ್ಲು ಸಾರ್. ಚೀಟಿ ಬರ್ಸಿದ್ರಂತೆ. ಊರ ಗಂಟೆ ಕದ್ದಿದ್ದನ್ನ ಬರ್ದೆ ಅಂದ್ಲು.”

ವಾಪಸು ಬರುವ ಬಸ್ಸಿನಲ್ಲಿ ಮೇಡಂ ಹೇಳಿದರು, “ಕಾಲೇಜಿಗೆ ಬರದವರ ಮನೆಗೆ ಹೋದ್ವಿ. ಅಂಥ ಮನೆ ಮಕ್ಕಳು ಕಾಲೇಜು ತಪ್ಪಿಸೋದಿಲ್ಲ ಮಾರಾಯ್ರೆ. ಅವ್ರಿಗೆ ಹೊರಗೆ ಬರೋಕೆ ಇರೋದು ಅದೊಂದೇ ಜಾಗ.”

ಆ ಮಾತು ಕೇಳಿ ಕೋಣೆಗೆ ಬಂದವನು ಹಾಜರಿ ಪುಸ್ತಕದಲ್ಲಿ ಒಂದು ದಿನವೂ ತಪ್ಪಿಸದವರ ಹೆಸರಿಗೆ ಬೆರಳಿಡುತ್ತ ಹೋದೆ. ಹನ್ನೆರಡು ಹೆಸರು. ಒಂದೊಂದನ್ನೇ ನೋಡಿದೆ. ಒಬ್ಬಳು ಯಾವಾಗಲೂ ನಗುವವಳು, ಒಬ್ಬ ಕ್ರಿಕೆಟ್ ತಂಡದ ನಾಯಕ, ಒಬ್ಬ ಮುಂದಿನ ಬೆಂಚಿನಲ್ಲಿ ಕೂತು ತೂಕಡಿಸುವವನು. ಯಾರನ್ನು ಕರೆದು ಏನೆಂದು ಕೇಳುವುದು? ಮೇಡಂ ಆ ಹನ್ನೆರಡು ಜನರನ್ನೂ ಬೇರೆ ಬೇರೆ ನೆಪದಲ್ಲಿ ಮಾತಾಡಿಸಿದರು, ಸಾಗರ ಮತ್ತು ತೀರ್ಥಹಳ್ಳಿಯವರ ಜೊತೆ ಫೋನಿನಲ್ಲಿ. ಎಲ್ಲರ ಮನೆಯಲ್ಲೂ ಎಲ್ಲ ಚೆನ್ನಾಗಿತ್ತು. ಹಬ್ಬ ಜೋರಾಗಿತ್ತು.

ಬಸ್ಸಿನಲ್ಲಿ, ಅಂಗಡಿಯಲ್ಲಿ ನಲವತ್ತರ ಆಸುಪಾಸಿನ ಹೆಂಗಸರು ಎದುರಾದರೆ ನನ್ನ ಕಣ್ಣು ಕೈಗೆ ಹೋಗುತ್ತಿತ್ತು. ಮೊಣಕೈ ನೇರವಾಗಿದೆಯೇ, ಚೀಲ ಯಾವ ಕೈಯಲ್ಲಿ ಹಿಡಿದಿದ್ದಾರೆ. ಸ್ವಲ್ಪ ದಿನ ಅದನ್ನೂ ಡೈರಿಯಲ್ಲಿ ಬರೆದೆ. ಒಂದು ದಿನ ಪುಟ ನೋಡಿ ನಾಚಿಕೆಯಾಗಿ ನಿಲ್ಲಿಸಿದೆ.

ಡಿಸೆಂಬರಿನಲ್ಲಿ ಸೆಮಿಸ್ಟರ್ ಮುಗಿಯಿತು. ಮೂರೂ ಊರಿನಲ್ಲಿ ಕೊನೆಯ ದಿನ ಫೋಟೋ ತೆಗೆಸಿಕೊಂಡೆವು. ಆ ಮೂರು ಫೋಟೋಗಳಲ್ಲಿ ಯಾವುದೋ ಒಂದರಲ್ಲಿ ಚೀಟಿ ಬರೆದವರು ಇದ್ದಾರೆ.

ಜನವರಿ ಇಪ್ಪತ್ತೆರಡು, ಗುರುವಾರ, ಶಿವಮೊಗ್ಗದಲ್ಲಿ ಮೌಲ್ಯಮಾಪನ. ಪರೀಕ್ಷೆ ಬರೆದವರ ಹೆಸರು, ಕಾಲೇಜು ಎರಡೂ ಪತ್ರಿಕೆಯ ಮೇಲೆ ಇರುವುದಿಲ್ಲ, ಗೆರೆಗೆರೆಯ ಬಾರ್‌ಕೋಡ್ ಗುರುತು ಮಾತ್ರ. ಎಲ್ಲ ಕಾಲೇಜುಗಳ ಪತ್ರಿಕೆಗಳೂ ಕಲಸಿ ಬಂದಿರುತ್ತವೆ. ಆ ದಿನದ ನನ್ನ ಪಾಲಿನಲ್ಲಿ ಇಪ್ಪತ್ತೇಳನೇ ಪತ್ರಿಕೆ. ಆರನೇ ಪ್ರಶ್ನೆ: ‘ಅಪರಾಧಗಳು ವರದಿಯಾಗದಿರಲು ಕಾರಣಗಳನ್ನು ಬರೆಯಿರಿ.’ ನಾನು ಪಾಠದಲ್ಲಿ ಹೇಳಿದ್ದು ನಾಲ್ಕು ಕಾರಣ. ಭಯ, ಅವಮಾನ, ಪೊಲೀಸರ ಮೇಲೆ ನಂಬಿಕೆ ಇಲ್ಲದಿರುವುದು, ಅಪರಾಧಿ ಮನೆಯವನೇ ಆಗಿರುವುದು. ಪತ್ರಿಕೆಯಲ್ಲಿ ನಾಲ್ಕೂ ಅದೇ ಕ್ರಮದಲ್ಲಿದ್ದವು. ಅದರ ಕೆಳಗೆ ಐದನೆಯದು ಇತ್ತು.

‘೫. ಬರೆದು ಕೊಟ್ಟದ್ದನ್ನು ತೆಗೆದುಕೊಂಡವರು ಸಮಯಕ್ಕೆ ಓದದೆ ಇರುವುದು.’

ಬಲಗೈಯ ಬರಹ, ಪರೀಕ್ಷೆಯ ಆತುರದ್ದು. ಯಾರದೆಂದು ಗುರುತು ಸಿಗಲಿಲ್ಲ. ಹೋಲಿಸಿ ನೋಡೋಣವೆಂದರೆ ಆಂತರಿಕ ಪರೀಕ್ಷೆಯ ಪತ್ರಿಕೆಗಳನ್ನು ಸೆಮಿಸ್ಟರ್ ಕೊನೆಯಲ್ಲಿ ಎಲ್ಲರಿಗೂ ವಾಪಸು ಕೊಟ್ಟುಬಿಟ್ಟಿದ್ದೆ. ನಮ್ಮ ಮೂರು ಕಾಲೇಜಿನವರೇ ಅಲ್ಲದ ಯಾರೋ ಯೋಚಿಸಿ ಬರೆದಿರಲೂಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಪಕ್ಕದಲ್ಲಿದ್ದ ಮೌಲ್ಯಮಾಪಕರು, “ಎಂತಾಯ್ತು, ಒಂದೇ ಪೇಪರ್ ಹಿಡ್ಕೊಂಡು ಕೂತ್ರಿ? ಇನ್ನೂ ಹದಿಮೂರು ಇದೆ” ಎಂದರು.

ನಾಲ್ಕು ಕಾರಣಕ್ಕೆ ಪೂರ್ತಿ ಅಂಕ ಎಂದು ನಮಗೆ ಕೊಟ್ಟ ಹಾಳೆಯಲ್ಲಿತ್ತು. ಪೂರ್ತಿ ಅಂಕ ಹಾಕಿದೆ. ಐದನೆಯದರ ಪಕ್ಕದಲ್ಲೂ ಒಂದು ಸರಿ ಗುರುತು ಹಾಕಿದೆ. ಅದನ್ನು ಬರೆದವರಿಗೆ ಆ ಗುರುತು ಕಾಣುವುದೇ ಇಲ್ಲ.

ಸಂಜೆ ಮೇಡಂಗೆ ಹೇಳಿದೆ. ಹೇಗಾದರೂ ಮಾಡಿ ಆ ಪತ್ರಿಕೆ ಯಾರದೆಂದು ತಿಳಿಯಬೇಕು, ಕ್ಷಮೆ ಕೇಳಬೇಕು ಎಂದೆ.

“ಕ್ಷಮೆ ನಿಮಗೆ ಬೇಕಾಗಿದ್ದು. ಅವ್ರು ಕೇಳಿದ್ದು ಬೇರೆ” ಎಂದರು.

ಅವರು ಹೇಳಿದ್ದು ಸರಿ. ಈ ವರ್ಷವೂ ಮೂರೂ ಊರಿನಲ್ಲಿ ಚೀಟಿ ಬರೆಸಿದೆ. ಊರಿಗೊಂದು ಡಬ್ಬಿ, ಕಲಸುವುದಿಲ್ಲ. ತರಗತಿ ಮುಗಿದ ಕೂಡಲೇ ಸ್ಟಾಫ್ ರೂಮಿನಲ್ಲಿ ಕೂತು ಓದಿ ಆಮೇಲೆ ಊಟ. ಡೈರಿಯಲ್ಲಿ ಚೀಟಿ ಎಣಿಕೆಗೆಂದು ಬೇರೆ ದಿನ ಗೊತ್ತುಮಾಡುವುದನ್ನು ಬಿಟ್ಟಿದ್ದೇನೆ. ಹೋದ ವರ್ಷದ ಎಪ್ಪತ್ಮೂರು ಚೀಟಿಗಳನ್ನು ಹೇಳಿದ ಮಾತಿನಂತೆ ಸುಟ್ಟೆ. ಒಂದು ಡೈರಿಯೊಳಗಿದೆ, ಅಕ್ಟೋಬರ್ ಇಪ್ಪತ್ಮೂರರ ಪುಟದಲ್ಲಿ.

ಇದನ್ನು ಓದುವವರಲ್ಲಿ ಯಾರಾದರೂ ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ, ಮುರಿದ ಕೈಯನ್ನು ಜಾರಿ ಬಿದ್ದದ್ದೆಂದು ಆಸ್ಪತ್ರೆಯಲ್ಲಿ ಹೇಳಿದ ಒಬ್ಬ ತಾಯಿಯನ್ನು ಬಲ್ಲವರಿದ್ದರೆ, ಹೋದ ದೀಪಾವಳಿಯ ನಂತರ ಅವರು ಹೇಗಿದ್ದಾರೆ ಎಂಬುದೊಂದನ್ನು ಈ ಪುಸ್ತಕ ಅಚ್ಚುಮಾಡಿದವರ ಮೂಲಕ ನನಗೆ ಬರೆಯಿರಿ. ಚೀಟಿ ಬರೆದವರೇ ಓದುತ್ತಿದ್ದರೆ, ನೀವೂ ಬರೆಯಿರಿ. ಹೆಸರು ಬೇಡ, ಊರು ಬೇಡ. ನಾನು ನಿಮ್ಮ ಕಡೆ ನೋಡುವುದಿಲ್ಲ. ಯಾವ ಕೈಯಲ್ಲಿ ಬರೆದರೂ ಆದೀತು. ಬಂದ ದಿನವೇ ಓದುತ್ತೇನೆ.